ಸಂಚು ಹುಡುಕುವವರಿಗೆ ಕಾಣದ ಹುಡುಗಿ

ಏನೇ ಘಟನೆ ನಡೀಲಿ, ಹತ್ತು ನಿಮಿಷದಲ್ಲಿ ನಮ್ಮ ಫೋನಿಗೆ ಒಂದು ಸಂಚಿನ ಕತೆ ಬಂದು ಬೀಳುತ್ತೆ. ವಿದೇಶಿ ಕೈವಾಡ, ಟೂಲ್‌ಕಿಟ್, ಡೀಪ್ ಸ್ಟೇಟ್. ಎಡ ಬಲ ಅನ್ನೋ ಭೇದ ಇಲ್ಲ, ಎಲ್ಲರ ಜೇಬಲ್ಲೂ ಒಂದೊಂದು ಇದ್ದೇ ಇದೆ. ಅಂಥದ್ದನ್ನ ಓದಿದಾಗೆಲ್ಲ ನನಗೆ ನೆನಪಾಗೋದು 1975ರಲ್ಲಿ ತೀರಿಕೊಂಡ ಸ್ವೀಡನ್ನಿನ ಪತ್ರಕರ್ತ, ಕಾದಂಬರಿಕಾರ ಪೆರ್ ವಾಲೊ.

ವಾಲೊ ಹುಟ್ಟಿದ್ದು 1926ರಲ್ಲಿ. ಅಪರಾಧ ವರದಿಗಾರನಾಗಿ ದುಡಿದವನು, ರಾಜಕೀಯವಾಗಿ ಎಡಪಂಥೀಯ. ಐವತ್ತರ ದಶಕದಲ್ಲಿ ಸ್ಪೇನಿಗೆ ಹೋದವನನ್ನ ಫ್ರಾಂಕೋನ ಸರ್ಕಾರ ದೇಶದಿಂದಲೇ ಹೊರಗೆ ಹಾಕಿತು. ಸರ್ವಾಧಿಕಾರವನ್ನ ಹತ್ತಿರದಿಂದ ನೋಡಿದ್ದವನು ಊರಿಗೆ ಮರಳಿ, ನಗುಮುಖದ ಪ್ರಜಾಪ್ರಭುತ್ವದ ಒಳಗೂ ಅದೇ ವಾಸನೆ ಇದೆಯಾ ಅಂತ ಹುಡುಕೋಕೆ ಶುರು ಮಾಡಿದ.

1964ರಲ್ಲಿ ಬಂದ ಆತನ ಕಾದಂಬರಿಯೊಂದನ್ನ ಪತ್ರಿಕೋದ್ಯಮದಲ್ಲಿರೋ ನಾವೆಲ್ಲ ಓದಬೇಕು. ಹೆಸರು, 'ಮರ್ಡರ್ ಆನ್ ದ ಥರ್ಟಿಫಸ್ಟ್ ಫ್ಲೋರ್'. ದೇಶದ ಪತ್ರಿಕೆಗಳೆಲ್ಲ ಒಂದೇ ಕಂಪನಿಯ ಕೈಲಿ. ಆ ಕಂಪನಿ ತನ್ನನ್ನ ಟೀಕಿಸುವ ಬರಹಗಾರರನ್ನ ಜೈಲಿಗೆ ಹಾಕಲ್ಲ, ಒಳ್ಳೆ ಸಂಬಳ ಕೊಟ್ಟು 31ನೇ ಮಹಡಿಯಲ್ಲಿ ಕೂರಿಸುತ್ತೆ. ಅವರು ಶ್ರದ್ಧೆಯಿಂದ ಒಂದು ಪತ್ರಿಕೆ ತಯಾರು ಮಾಡ್ತಾರೆ, ಅದು ಯಾವತ್ತೂ ಹೊರಗೆ ಬರಲ್ಲ.

ಅಷ್ಟರಲ್ಲಿ ವಾಲೊಗೆ ಮಾಯ್ ಶೋವಾಲ್ ಸಿಕ್ಕಿದ್ದಳು. ಆಕೆಯೂ ಪತ್ರಕರ್ತೆ, ಆತನಿಗಿಂತ ಒಂಬತ್ತು ವರ್ಷ ಚಿಕ್ಕವಳು. ಮದುವೆ ಆಗದೇ ಒಟ್ಟಿಗೆ ಬದುಕಿದರು. ರಾತ್ರಿ ಮಕ್ಕಳನ್ನ ಮಲಗಿಸಿ, ಎದುರುಬದುರು ಕೂತು, ಒಂದು ಅಧ್ಯಾಯ ಆತ, ಒಂದು ಅಧ್ಯಾಯ ಆಕೆ ಅಂತ ಬರೆದರು. 1965ರಿಂದ 1975ರವರೆಗೆ ಹತ್ತು ಕಾದಂಬರಿ, ಒಂದೊಂದರಲ್ಲೂ 30 ಅಧ್ಯಾಯ. ಇಡೀ ಸರಣಿಗೆ ಒಂದೇ ಹೆಸರು, 'ಒಂದು ಅಪರಾಧದ ಕತೆ'. ಕಲ್ಯಾಣ ರಾಜ್ಯ ಅಂತ ಕರೆಸಿಕೊಂಡ ದೇಶ ತನ್ನ ದುಡಿಯುವ ಜನರನ್ನೇ ಕೈಬಿಟ್ಟಿದೆ ಅನ್ನೋದೇ ಅವರ ಪ್ರಕಾರ ಆ ಅಪರಾಧ.

ಅವರ ಹೀರೋ ಮಾರ್ಟಿನ್ ಬೆಕ್ ಷರ್ಲಾಕ್ ಹೋಮ್ಸ್ ಅಲ್ಲ. ಹೊಟ್ಟೆನೋವು, ನೆಗಡಿ, ನೆಮ್ಮದಿಯಿಲ್ಲದ ಸಂಸಾರ ಇರೋ ಒಬ್ಬ ಸರ್ಕಾರಿ ನೌಕರ. ಮೊದಲ ಕಾದಂಬರಿ 'ರೋಸಾನ್ನಾ'ದಲ್ಲಿ ಯೋಟಾ ಕಾಲುವೆಯಲ್ಲಿ ಸಿಕ್ಕ ಹೆಣ ಯಾರದ್ದು ಅಂತ ಗೊತ್ತಾಗೋಕೇ ತಿಂಗಳುಗಳು ಹಿಡಿಯುತ್ತೆ. ನಾನು ಇದನ್ನ ಓದಿದ್ದು ಇಂಜಿನಿಯರಿಂಗ್ ಮುಗಿಸಿದ ಹೊಸದರಲ್ಲಿ. ಲಾಗ್ ಫೈಲ್ ಸಾಲುಸಾಲಾಗಿ ನೋಡ್ತಾ ಬಗ್ ಹುಡುಕೋ ಕೆಲಸದ ಹಾಗೇ ಇದೆಯಲ್ಲ ಅನ್ನಿಸಿತ್ತು. ಸ್ವೀಡನ್ನಿನ ಪೊಲೀಸ್ ವ್ಯವಸ್ಥೆ ಸ್ಥಳೀಯರ ಕೈಯಿಂದ ಕೇಂದ್ರದ ಹಿಡಿತಕ್ಕೆ ಹೋಗಿದ್ದೂ ಅದೇ 1965ರಲ್ಲಿ. ಮುಂದಿನ ಪುಸ್ತಕಗಳ ತುಂಬ ಆ ಬದಲಾವಣೆಯ ಮೇಲಿನ ಸಿಟ್ಟಿದೆ.

ಕೊನೆಯದು 'ದಿ ಟೆರರಿಸ್ಟ್ಸ್'. ಅದನ್ನ ಬರೆಯುವಾಗ ವಾಲೊ ಸಾಯುವ ಹಂತದಲ್ಲಿದ್ದ, ಅದು ಆತನಿಗೂ ಗೊತ್ತಿತ್ತು. ಹಾಗಾಗಿ ಹೆಚ್ಚಿನ ಭಾಗ ಆತನೇ ಬರೆದ. ಕತೆಯ ಅಂತ್ಯ ಹೇಳದೆ ನನ್ನ ಮಾತು ಮುಗಿಯಲ್ಲ, ಕ್ಷಮಿಸಿ. ಅಮೆರಿಕದ ಸೆನೆಟರ್ ಒಬ್ಬ ಸ್ಟಾಕ್‌ಹೋಮಿಗೆ ಬರ್ತಾನೆ. ಯೂಲಾಗ್ ಎಂಬ ಅಂತರರಾಷ್ಟ್ರೀಯ ಹಂತಕರ ಗುಂಪು ಆತನ ಮೆರವಣಿಗೆಗೆ ಬಾಂಬ್ ಇಟ್ಟಿದೆ. ನೇರ ಪ್ರಸಾರ ನೋಡಿಕೊಂಡು ಸ್ಫೋಟಿಸೋದು ಅವರ ಪ್ಲಾನ್. ಬೆಕ್‌ನ ತಂಡ ಆ ಪ್ರಸಾರವನ್ನೇ ತಡ ಮಾಡಿಸುತ್ತೆ. ಬಾಂಬ್ ಸಿಡಿಯುತ್ತೆ, ಆದರೆ ಸೆನೆಟರ್ ಬಚಾವ್. ಪೊಲೀಸರಿಗೆ ಜಯ.

ಅದಾದ ಸ್ವಲ್ಪ ಹೊತ್ತಿಗೆ ಅದೇ ಪೊಲೀಸ್ ಕಾವಲಿನ ನಡುವೆ ರೆಬೆಕ್ಕಾ ಲಿಂಡ್ ಎಂಬ ಹುಡುಗಿ ಸ್ವೀಡನ್ನಿನ ಪ್ರಧಾನಿಗೇ ಗುಂಡು ಹಾರಿಸಿ ಕೊಲ್ತಾಳೆ. ಅವಳ ಹಿಂದೆ ಯಾವ ಗುಂಪೂ ಇಲ್ಲ. ಕೈಯಲ್ಲಿ ಕೂಸು. ಕೂಸಿನ ಅಪ್ಪ ವಿಯೆಟ್ನಾಂ ಯುದ್ಧ ಬಿಟ್ಟು ಓಡಿಬಂದ ಅಮೆರಿಕನ್ ಸೈನಿಕ, ಊರಿಗೆ ವಾಪಸ್ ಹೋಗಿ ಸಿಕ್ಕಿಬಿದ್ದಿದ್ದಾನೆ. ಬ್ಯಾಂಕು ಜನರಿಗೆ ಸಾಲ ಕೊಡುತ್ತೆ ಅಂತ ನಂಬಿ ಕೇಳೋಕೆ ಹೋದವಳ ಮೇಲೆ ದರೋಡೆ ಕೇಸ್ ಬಿದ್ದಿತ್ತು. ಈ ವಿಚಾರಣೆ ಕಾದಂಬರಿಯ ಆರಂಭದಲ್ಲೇ ಬರುತ್ತೆ. ಅಂದರೆ ಅವಳು ಎಲ್ಲರ ಕಣ್ಣೆದುರೇ ಇದ್ದಳು. ಸಂಚನ್ನ ಹುಡುಕ್ತಿದ್ದ ವ್ಯವಸ್ಥೆಗೆ ಅವಳು ಮಾತ್ರ ಕಾಣಲಿಲ್ಲ. ವಾಲೊ ಕೊಲೆಯನ್ನ ಸಮರ್ಥಿಸಲ್ಲ. ಆ ಪಿಸ್ತೂಲಿನವರೆಗೆ ಅವಳನ್ನ ತಂದು ನಿಲ್ಲಿಸಿದ ಒಂದೊಂದು ಬಾಗಿಲನ್ನೂ ತೋರಿಸ್ತಾನೆ, ಅಷ್ಟೆ.

1975ರ ಜೂನ್ 22ರಂದು ವಾಲೊ ತೀರಿಕೊಂಡ. ವಯಸ್ಸು 48.

ಹನ್ನೊಂದು ವರ್ಷದ ನಂತರ, 1986ರ ಫೆಬ್ರವರಿ 28ರ ರಾತ್ರಿ, ಸಿನಿಮಾ ನೋಡಿ ಹೆಂಡತಿ ಜೊತೆ ನಡೆದು ಹೋಗ್ತಿದ್ದ ಪ್ರಧಾನಿ ಓಲಾಫ್ ಪಾಲ್ಮೆಯನ್ನ ಸ್ಟಾಕ್‌ಹೋಮಿನ ಬೀದಿಯಲ್ಲಿ ಯಾರೋ ಗುಂಡಿಟ್ಟು ಕೊಂದರು. ತನಿಖೆಯ ಮುಖ್ಯಸ್ಥ ಕುರ್ದಿಷ್ ಸಂಘಟನೆ ಪಿಕೆಕೆಯ ಸಂಚು ಅಂತ ಹಠ ಹಿಡಿದ. ಅದು ಎಲ್ಲಿಗೂ ಮುಟ್ಟದೆ 1987ರಲ್ಲಿ ಹುದ್ದೆ ಬಿಟ್ಟ. ಆಮೇಲೆ ದಕ್ಷಿಣ ಆಫ್ರಿಕಾ, ಸಿಐಎ ಅಂತ ಕತೆಗಳು ಬಂದವು. ಪಾಲ್ಮೆ ಸತ್ತ ಕೆಲವೇ ವಾರಗಳಲ್ಲಿ ಭಾರತದ ಜೊತೆ ಬೊಫೋರ್ಸ್ ಒಪ್ಪಂದಕ್ಕೆ ಸಹಿ ಬಿದ್ದಿದ್ದರಿಂದ ನಮ್ಮ ದೇಶದ ಹೆಸರೂ ಆ ಪಟ್ಟಿಗೆ ಸೇರಿತು. ಒಬ್ಬನಿಗೆ ಶಿಕ್ಷೆಯಾಗಿ ಮೇಲ್ಮನವಿಯಲ್ಲಿ ಬಿಡುಗಡೆಯಾಯ್ತು. 2020ರಲ್ಲಿ, ಅಷ್ಟೊತ್ತಿಗಾಗಲೇ ಸತ್ತಿದ್ದ ಇನ್ನೊಬ್ಬನ ಹೆಸರು ಹೇಳಿ ಕೇಸ್ ಮುಚ್ಚಿದರು. ಆರೋಪಿ ಬದುಕಿಲ್ಲದ ಮೇಲೆ ಅದನ್ನ ಯಾವ ಕೋರ್ಟೂ ಪರೀಕ್ಷಿಸೋ ಹಾಗಿಲ್ಲ.

ಹಾಗಂತ ವಾಲೊ ಭವಿಷ್ಯ ನುಡಿದಿದ್ದ ಅಂತ ನಾನು ಹೇಳಲ್ಲ, ಅದೂ ಒಂದು ಸಂಚಿನ ಕತೆಯೇ ಆಗಿಬಿಡುತ್ತೆ. ಸಂಚುಗಳೇ ಇರಲ್ಲ ಅಂತಲೂ ಅಲ್ಲ. ಯೂಲಾಗ್‌ನ ಬಾಂಬ್ ಕತೆಯೊಳಗೆ ನಿಜವಾದದ್ದೇ. ಬೊಫೋರ್ಸ್ ಲಂಚದ ಸುದ್ದಿಯನ್ನ 1987ರಲ್ಲಿ ಮೊದಲು ಹೊರಹಾಕಿದ್ದೂ ಸ್ವೀಡನ್ನಿನ ರೇಡಿಯೋ. ಆದರೆ ಅದು ವರದಿಗಾರರು ಕೂತು ಮಾಡಿದ ಕೆಲಸ, ಫಾರ್ವರ್ಡ್ ಅಲ್ಲ.

ನನಗೆ ಕಾಡೋದು ಇಷ್ಟೇ. ದೊಡ್ಡ ಸಂಚಿನ ಕತೆ ಹೇಳೋರಿಗೂ ಸುಖ, ಕೇಳೋರಿಗೂ ಸುಖ. ಶತ್ರು ದೂರದಲ್ಲೆಲ್ಲೋ ಇದ್ದಾನೆ, ನಾವು ಏನೂ ಮಾಡಬೇಕಿಲ್ಲ. ಬ್ಯಾಂಕಿನ ಕೌಂಟರಿನಲ್ಲಿ, ಸರ್ಕಾರಿ ಕಚೇರಿಯ ಬೆಂಚಿನ ಮೇಲೆ ಅರ್ಜಿ ಹಿಡಿದು ಕೂತ ಹುಡುಗಿ ಹತ್ತಿರದಲ್ಲೇ ಇದ್ದಾಳೆ. ಅವಳ ಬಗ್ಗೆ ಬರೆದರೆ ವೈರಲ್ ಆಗಲ್ಲ. ಆದರೂ ಮುಂದಿನ ಸಲ ಅಂಥ ಮೆಸೇಜ್ ಬಂದಾಗ ಒಂದು ನಿಮಿಷ ತಡೆದು, ಇದರಲ್ಲಿ ಯಾರು ಕಾಣ್ತಿಲ್ಲ ಅಂತ ಕೇಳಿಕೊಳ್ಳೋಣ.