ಸೋದೆಯ ವಾದಿರಾಜರು

ಸಂನ್ಯಾಸಿಯಾದವನು ಮೊದಲು ಬಿಡುವುದು ತಂದೆತಾಯಿಗಳಿಟ್ಟ ಹೆಸರನ್ನು. ಹಾಗೆ ಹೆಸರನ್ನು ಬಿಟ್ಟ ಯತಿಯೊಬ್ಬರ ಹೆಸರೇ ನಾಲ್ಕು ಶತಮಾನಗಳಾಚೆಗೂ ಒಂದು ಪೀಠಕ್ಕೆ ಗುರುತಾಗಿ ನಿಂತಿರುವುದನ್ನು ಕಾಣಬೇಕಾದರೆ ಸೋದೆಗೆ ಹೋಗಬೇಕು. ಕಾರವಾರ, ಅಂಕೋಲೆಗಳ ನಮಗೆ ಅದು ಪರಸ್ಥಳವಲ್ಲ. ಘಟ್ಟವನ್ನೇರಿ ಶಿರಸಿಯ ಸೀಮೆಯನ್ನು ಹೊಕ್ಕರೆ ಆಯಿತು. ಸೋಂದೆ, ಸ್ವಾದಿ, ಸುಧಾಪುರ ಎಂದೆಲ್ಲ ಕರೆಯಿಸಿಕೊಂಡ ಆ ಊರಿನ ಅರಸರು ಒಂದು ಕಾಲಕ್ಕೆ ನಮ್ಮ ಕರಾವಳಿಗೂ ಒಡೆಯರಾಗಿದ್ದರು. ಕಾಳೀನದಿಯ ಮುಖದಲ್ಲಿರುವ ಸದಾಶಿವಗಡವು ಆ ವಂಶದ ಸದಾಶಿವ ನಾಯಕನ ಹೆಸರನ್ನು ಹೊತ್ತಿದೆ.

ವಾದಿರಾಜರು ಹುಟ್ಟಿದುದು ಕುಂದಾಪುರದ ಕಡೆಯ ಕುಂಭಾಸಿಗೆ ಹತ್ತಿರದ ಹೂವಿನಕೆರೆಯಲ್ಲಿ. ಸಂಪ್ರದಾಯವು ಹೇಳುವ ವರ್ಷ ೧೪೮೦. ಮಕ್ಕಳಿಲ್ಲದ ದಂಪತಿಗಳಿಗೆ ವಾಗೀಶತೀರ್ಥರು ಹರಸಿ, ಶಿಶು ಮನೆಯೊಳಗೆ ಜನಿಸಿದರೆ ನಿಮಗೆ, ಹೊರಗೆ ಜನಿಸಿದರೆ ಮಠಕ್ಕೆ ಎಂದು ಕರಾರು ಮಾಡಿದರಂತೆ. ಪೈರಿಗೆ ನುಗ್ಗಿದ ಹಸುವನ್ನು ಅಟ್ಟಲು ಹೊರಬಿದ್ದ ತಾಯಿ ಗದ್ದೆಯಲ್ಲಿಯೇ ಪ್ರಸವಿಸಿದಳು. ಕಥೆಯಲ್ಲಿ ಹಿರಿಯರೆಲ್ಲರೂ ಇದನ್ನು ದೈವಸಂಕಲ್ಪವೆಂದು ಒಪ್ಪಿಕೊಳ್ಳುತ್ತಾರೆ. ಆ ತಾಯಿಯ ಮನಸ್ಸಿನಲ್ಲಿ ಏನಿತ್ತೆಂದು ಯಾರೂ ಕೇಳಿದಂತೆ ತೋರುವುದಿಲ್ಲ. ಭೂವರಾಹನೆಂಬ ಆ ಬಾಲಕ ಎಂಟನೆಯ ವಯಸ್ಸಿನಲ್ಲಿ ಕಾಷಾಯವನ್ನು ಧರಿಸಿ ವಾದಿರಾಜತೀರ್ಥನಾದನು. ಗುರುಗಳ ತರುವಾಯ ಪೀಠವೂ ಅವರಿಗೆ ಬಂದಿತು.

ಆ ಪೀಠ ಮಧ್ವಾಚಾರ್ಯರ ಪೂರ್ವಾಶ್ರಮದ ತಮ್ಮಂದಿರಾದ ವಿಷ್ಣುತೀರ್ಥರಿಂದ ಮೊದಲಾದುದು. ಕುಂಭಾಸಿ ಮಠವೆಂಬುದು ಅದರ ಹಿಂದಿನ ಹೆಸರು. ಉಡುಪಿಯ ಎಂಟು ಮಠಗಳ ಯತಿಗಳು ಆಗ ಎರಡೆರಡು ತಿಂಗಳಿಗೊಮ್ಮೆ ಕೃಷ್ಣಪೂಜೆಯನ್ನು ಒಬ್ಬರಿಂದೊಬ್ಬರಿಗೆ ಒಪ್ಪಿಸುತ್ತಿದ್ದರು. ಒಮ್ಮೆ ಪೂಜೆ ಮುಗಿಸಿದವರಿಗೆ ಮತ್ತೆ ಸರದಿ ಬರುವುದರೊಳಗೆ ದೊರೆಯುತ್ತಿದ್ದುದು ಹದಿನಾಲ್ಕೇ ತಿಂಗಳು. ಅಷ್ಟರಲ್ಲಿ ಕಾಲುನಡಿಗೆಯಿಂದ ಕಾಶಿಗೆ ಹೋಗಿ ಬರುವುದೆಂತು? ಶಿಷ್ಯರಿಗೆ ಪಾಠ ಹೇಳುವುದೆಂತು? ವಾದಿರಾಜರು ಅವಧಿಯನ್ನು ಎರಡು ವರ್ಷಗಳಿಗೆ ಏರಿಸಿದರು. ೧೫೨೨ರಲ್ಲಿ ಜಾರಿಗೆ ಬಂದಿತೆನ್ನುವ ಆ ಏರ್ಪಾಡು ಇಂದಿಗೂ ತಪ್ಪಿಲ್ಲ. ಪವಾಡಗಳನ್ನೆಲ್ಲ ಒಂದು ತಟ್ಟೆಯಲ್ಲಿಟ್ಟು ಇದೊಂದನ್ನೇ ಮತ್ತೊಂದರಲ್ಲಿ ಇಟ್ಟರೂ ನನಗೆ ಇದೇ ಭಾರವಾಗಿ ಕಾಣುತ್ತದೆ. ಹದಿನಾಲ್ಕು ತಿಂಗಳ ಬಿಡುವು ಹದಿನಾಲ್ಕು ವರ್ಷಗಳಾಯಿತು. ಭಾರತದ ಕ್ಷೇತ್ರಗಳನ್ನು ದಿಕ್ಕಿಗೊಂದು ಭಾಗವಾಗಿ ವರ್ಣಿಸುವ ಅವರ 'ತೀರ್ಥಪ್ರಬಂಧ' ಊರಲ್ಲಿ ಕಟ್ಟಿಹಾಕಲ್ಪಟ್ಟವರಿಂದ ಆಗುವ ಕೃತಿಯಲ್ಲ.

ವಾದಿರಾಜ ಎಂದರೆ ವಾದ ಮಾಡುವವರ ಅರಸು. ಹೆಸರಿಗೆ ತಕ್ಕ ಪಾಂಡಿತ್ಯವೇನೋ ಇತ್ತು. 'ಯುಕ್ತಿಮಲ್ಲಿಕಾ'ವನ್ನು ತೆರೆದವರಿಗೆ ಅದು ತಿಳಿಯುತ್ತದೆ. ಆದರೆ ಪರಮತಖಂಡನೆಯ ಆ ಗ್ರಂಥಕ್ಕೂ ಅವರು ಮಲ್ಲಿಗೆಯ ಹೆಸರನ್ನಿಟ್ಟು, ಅಧ್ಯಾಯಗಳನ್ನು ಸೌರಭಗಳೆಂದು ಕರೆದರು. ಹತ್ತೊಂಬತ್ತು ಸರ್ಗಗಳ 'ರುಕ್ಮಿಣೀಶವಿಜಯ'ವನ್ನು ಬರೆದ ಕೈಯೇ ಕನ್ನಡದಲ್ಲಿ 'ಲಕ್ಷ್ಮೀ ಶೋಭಾನೆ'ಯನ್ನೂ ಬರೆಯಿತು. ಅಲ್ಲಿ ವಾದವಿಲ್ಲ, ಸಮುದ್ರದಿಂದೆದ್ದು ಬಂದ ಕನ್ಯೆಯೊಬ್ಬಳು ನೆರೆದ ದೇವತೆಗಳಲ್ಲಿ ತನಗೊಪ್ಪುವ ವರನನ್ನು ಹುಡುಕುತ್ತಾಳೆ, ಅಷ್ಟೆ. ಮದುವೆಯ ಮನೆಗಳಲ್ಲಿ ಅದನ್ನು ಹಾಡಿ ಉಳಿಸಿದವರು ಹೆಂಗಸರು. ಅವರಲ್ಲಿ ಎಷ್ಟೋ ಮಂದಿಗೆ ಸಂಸ್ಕೃತದ ಗಂಧವೂ ಇರಲಿಲ್ಲ. ಕನ್ನಡದ ಹಾಡುಗಳಿಗೆ ಅವರಿಟ್ಟ ಅಂಕಿತವಾದರೂ ವಾದಿರಾಜನಲ್ಲ, ಹಯವದನ. ತಮ್ಮ ಹೆಸರನ್ನು ಕುದುರೆಮೊಗದ ಆರಾಧ್ಯದೇವರ ಹಿಂದೆ ಅವರು ಮರೆಯಿಸಿದರು. ಆ ದೇವರ ನೈವೇದ್ಯವೇ ಹಯಗ್ರೀವ ಮಡ್ಡಿ. ಬೇಯಿಸಿದ ಕಡಲೆಬೇಳೆ, ಬೆಲ್ಲ, ತೆಂಗಿನಕಾಯಿ, ತುಪ್ಪಗಳ ಹರಿವಾಣವನ್ನು ಯತಿ ತಲೆಯ ಮೇಲೆ ಹೊತ್ತು ನಿಂತರೆ, ಬಿಳಿಯ ಕುದುರೆ ಹಿಂದಿನಿಂದ ಹೆಗಲಿಗೆ ಕಾಲೂರಿ ಮೆಲ್ಲುತ್ತಿತ್ತೆಂದು ನಂಬಿಕೆ.

ಅನ್ಯರಿಗೆ ಹೆಸರು ಕೊಡುವುದರಲ್ಲಿ ಮಾತ್ರ ಅವರು ಉದಾರಿಗಳು. ಕುಡುಮವೆಂಬ ಊರಿನಲ್ಲಿ ಮಂಜುನಾಥನನ್ನು ಪ್ರತಿಷ್ಠಿಸಿ, ಅಲ್ಲಿಯ ದಾನಧರ್ಮಗಳನ್ನು ಕಂಡು ಧರ್ಮಸ್ಥಳವೆಂದು ಕರೆದವರು ಅವರೇ ಎಂಬುದು ಪ್ರತೀತಿ. ಉಡುಪಿಯ ಬಳಿಯ ಮಟ್ಟಿನ ಗುಳ್ಳಬದನೆಯ ಬೀಜವನ್ನೂ ಅವರೇ ಕೊಟ್ಟರೆನ್ನುತ್ತಾರೆ. ೨೦೧೧ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ಪಡೆದ ಆ ತರಕಾರಿಯ ಹಿಂದೆಯೂ ಒಬ್ಬ ತರ್ಕಪಂಡಿತನ ನೆನಪಿದೆ!

ಸೋದೆಗೆ ಅವರನ್ನು ಬರಮಾಡಿಕೊಂಡವನು ಅರಸಪ್ಪ ನಾಯಕ. ಅವರು ಅಲ್ಲಿ ತ್ರಿವಿಕ್ರಮನನ್ನು ಪ್ರತಿಷ್ಠಿಸಿದರು. ಕುಂಭಾಸಿ ಮಠ ಸೋದೆ ಮಠವಾಯಿತು. ಗೋವೆ ೧೫೧೦ರಲ್ಲಿಯೇ ಪೋರ್ತುಗೀಜರ ವಶವಾಗಿತ್ತು. ಆ ಸಂಕಟಕಾಲದಲ್ಲಿ ದೇವರುಗಳೂ ಸ್ಥಳ ಬಿಡಬೇಕಾಯಿತು; ಅಂಜುದೀವದ ಆರ್ಯಾದುರ್ಗೆ ಅಂಕೋಲೆಗೆ ಬಂದು ನೆಲೆಸಿದಳು. ನಮ್ಮ ಕಡೆಯ ಸಾರಸ್ವತರ ಪರ್ತಗಾಳಿ ಮಠ ಯಾರ ಹೆಸರನ್ನು ಧರಿಸಿದೆಯೋ ಆ ಜೀವೋತ್ತಮತೀರ್ಥರೂ ಅದೇ ಶತಮಾನದವರು. ನೆಲ ಕದಲುತ್ತಿದ್ದಾಗ ಜನ ಗುರುವಿನ ಹೆಸರನ್ನು ಬಿಗಿಯಾಗಿ ಹಿಡಿದುಕೊಂಡುದರಲ್ಲಿ ಆಶ್ಚರ್ಯವೇನು?

ನೂರಿಪ್ಪತ್ತು ವರ್ಷ ಬಾಳಿ, ೧೬೦೦ರ ಫಾಲ್ಗುಣ ಬಹುಳ ತದಿಗೆಯಂದು ಅವರು ಸೋದೆಯಲ್ಲಿ ಸಶರೀರವಾಗಿ ವೃಂದಾವನವನ್ನು ಪ್ರವೇಶಿಸಿದರೆಂಬುದು ಮಠದ ಶ್ರದ್ಧೆ. ಮುಂದೆ ವಾಯುಪದವಿಗೆ ಬರಲಿರುವ ಲಾತವ್ಯರು ಅವರೇ ಎಂದು ಶಿಷ್ಯರು ನಂಬುತ್ತಾರೆ. ಮಾಧ್ವರಲ್ಲಿಯೇ ಕೆಲವರು ಇದನ್ನು ಒಪ್ಪುವುದಿಲ್ಲ. ಈ ಚರ್ಚೆ ಕೆಲವೊಮ್ಮೆ ಕಹಿಯಾಗಿದೆ. ವಾದಿಗಳ ಅರಸನ ಹೆಸರೇ ವಾದಕ್ಕೆ ವಿಷಯವಾದುದನ್ನು ಕಂಡು ನನಗೆ ನಗುವೂ ಬೇಸರವೂ ಒಟ್ಟಿಗೇ ಬರುತ್ತವೆ. ಶೋಭಾನೆ ಹಾಡುವ ಹೆಂಗಸರಿಗೆ ಈ ನಿರ್ಣಯ ಎಂದಾದರೂ ಬೇಕಾಗಿತ್ತೇ?

೧೭೬೩-೬೪ರ ಸುಮಾರಿಗೆ ಹೈದರಾಲಿಯ ಸೈನ್ಯ ಸೋದೆಯನ್ನು ಹಿಡಿಯಿತು. ಅರಸರು ಗೋವೆಯಲ್ಲಿ ಪೋರ್ತುಗೀಜರ ಆಶ್ರಯ ಪಡೆದು ಫೋಂಡೆಯ ಬಳಿಯ ಬಾಂದೋಡೆಯಲ್ಲಿ ನೆಲೆಸಿದರು. ಸೌಂದೇಕರರೆಂಬ ಹೆಸರಷ್ಟೇ ಅವರಿಗೆ ಉಳಿಯಿತು. ಇತ್ತ ಹದಿನಾರು ವರ್ಷಗಳಿಗೊಮ್ಮೆ ಉಡುಪಿಯಲ್ಲಿ ಸೋದೆಯ ಪರ್ಯಾಯ ನಡೆಯುತ್ತದೆ, ೨೦೧೨ರಲ್ಲಿಯೂ ನಡೆಯಿತು. ಆರಾಧನೆಯ ತದಿಗೆಗೆ ಘಟ್ಟದ ಕೆಳಗಿನಿಂದಲೂ ಜನ ಸೋದೆಗೆ ಹೋಗುತ್ತಾರೆ.