ದೊಡ್ಡರೋಗಕ್ಕೆ ಮದ್ದು ಕೊಟ್ಟ ಪಶುವೈದ್ಯ

ಹಿಂಡು ಹಿಂಡಾಗಿ ನದಿ ದಾಟುವ ಆಫ್ರಿಕಾದ ವೈಲ್ಡ್‌ಬೀಸ್ಟ್‌ಗಳನ್ನು ಟಿ.ವಿ.ಯಲ್ಲಿ ನೋಡದವರು ಕಡಿಮೆ. 1961ರಲ್ಲಿ ಸೆರೆಂಗೆಟಿಯಲ್ಲಿ ಅವು ಇದ್ದದ್ದು ಸುಮಾರು 2.6 ಲಕ್ಷ. 1970ರ ದಶಕ ಮುಗಿಯುವಷ್ಟರಲ್ಲಿ 13 ಲಕ್ಷ! ಈ ಏರಿಕೆಗೆ ಮುಖ್ಯ ಕಾರಣ ದನಗಳಿಗೆಂದು ಮಾಡಿದ ಒಂದು ಲಸಿಕೆ. ಮಾಡಿದವರು ವಾಲ್ಟರ್ ಪ್ಲೌರೈಟ್.

ಇಂಗ್ಲೆಂಡಿನ ಲಿಂಕನ್‌ಶೈರ್‌ನಲ್ಲಿ 1923ರಲ್ಲಿ ಹುಟ್ಟಿದ ಅವರು, ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜಿನಲ್ಲಿ ಓದಿ, ಸೇನೆಯಲ್ಲಿದ್ದು ಬಂದು, ಅದೇ ಕಾಲೇಜಿನಲ್ಲಿ ರೋಗಶಾಸ್ತ್ರ ಕಲಿಸಿದರು. 1950ರಲ್ಲಿ ಕೀನ್ಯಾಕ್ಕೆ ಹೊರಟರು.

ಅಲ್ಲಿ ಎದುರಾದದ್ದು ರಿಂಡರ್‌ಪೆಸ್ಟ್. ನಮ್ಮ ಹಳ್ಳಿಯ ಹಿರಿಯರು ದೊಡ್ಡರೋಗ ಎನ್ನುತ್ತಿದ್ದುದು ಇದನ್ನೇ. ಜ್ವರ, ಬಾಯಿಹುಣ್ಣು, ಭೇದಿ; ಕೆಲವೇ ದಿನಗಳಲ್ಲಿ ಕೊಟ್ಟಿಗೆ ಖಾಲಿ. ಅದಕ್ಕೆ ಲಸಿಕೆ ಇರಲಿಲ್ಲವೆಂದಲ್ಲ. ನಮ್ಮ ಕುಮಾವೂಂ ಬೆಟ್ಟದ ಮುಕ್ತೇಶ್ವರದಲ್ಲೇ ಮೇಕೆಗಳ ಮೂಲಕ ಒಂದನ್ನು ತಯಾರಿಸಿದ್ದರು. ಆದರೆ ಕೆಲವು ತಳಿಯ ದನಗಳಿಗೆ ಅದೇ ಕಾಯಿಲೆ ತರುತ್ತಿತ್ತು. ಮುಗುಗಾದ ಪ್ರಯೋಗಾಲಯದಲ್ಲಿ ಪ್ಲೌರೈಟ್ ಮತ್ತು ಜೊತೆಗಾರ ಫೆರಿಸ್, ಕರುವಿನ ಮೂತ್ರಪಿಂಡದ ಜೀವಕೋಶಗಳಲ್ಲಿ ವೈರಾಣುವನ್ನು ಸುಮಾರು 90 ಬಾರಿ ಬೆಳೆಸಿದರು. ಒಂದರಿಂದ ತೆಗೆದು ಇನ್ನೊಂದಕ್ಕೆ, ಮತ್ತೆ ಇನ್ನೊಂದಕ್ಕೆ. ಎಷ್ಟು ತಾಳ್ಮೆ ಬೇಕು ನೋಡಿ! ಕೊನೆಗೆ ವೈರಾಣು ಸೊರಗಿತು. ಅಗ್ಗದ ಬೆಲೆಯ ಒಂದೇ ಚುಚ್ಚುಮದ್ದು ಯಾವ ತಳಿಯ ದನಕ್ಕೂ ತೊಂದರೆ ಕೊಡದೆ, ಬಾಳಿನುದ್ದಕ್ಕೂ ಕಾಯುವಂತಾಯಿತು.

ಆಗ ಕಾಡುಪ್ರಾಣಿಗಳೇ ದನಗಳಿಗೆ ರೋಗ ಹಂಚುತ್ತವೆ ಎಂಬ ದೂರಿತ್ತು. ಸೆರೆಂಗೆಟಿಯ ಸುತ್ತಲಿನ ದನಗಳಿಗೆ ಲಸಿಕೆ ಬಿದ್ದ ಮೇಲೆ ನಡೆದದ್ದೇ ಬೇರೆ. ತಾಯಿಯಿಂದ ಬಂದ ರಕ್ಷಣೆ ಕಳೆದು ರೋಗಕ್ಕೆ ತುತ್ತಾಗುತ್ತಿದ್ದ ವೈಲ್ಡ್‌ಬೀಸ್ಟ್ ಮರಿಗಳು ಬದುಕತೊಡಗಿದವು. 1963ರ ನಂತರ ಹುಟ್ಟಿದವುಗಳ ರಕ್ತದಲ್ಲಿ ರೋಗದ ಗುರುತೇ ಇರಲಿಲ್ಲ. ಕಾಡಿನ ಪ್ರಾಣಿಗಳಿಗೆ ಸೂಜಿಯನ್ನೇ ಚುಚ್ಚಿರಲಿಲ್ಲ! ಅಂದರೆ ರೋಗದ ತವರು ಕಾಡಲ್ಲ, ಕೊಟ್ಟಿಗೆ.

ಹಾಗೆಂದು ಪ್ಲೌರೈಟ್ ಕಾಡುಪ್ರಾಣಿಗಳ ಪರ ವಕೀಲರೇನಲ್ಲ. ದನಗಳನ್ನು ಕೊಲ್ಲುವ ಇನ್ನೊಂದು ಜ್ವರದ ವೈರಾಣುವನ್ನು ವೈಲ್ಡ್‌ಬೀಸ್ಟ್‌ಗಳಲ್ಲಿ ಪತ್ತೆಹಚ್ಚಿದವರೂ ಅವರೇ. ಅವರಿಗೆ ಬೇಕಿದ್ದುದು ಪುರಾವೆ.

1971ರಲ್ಲಿ ಓದಿದ ಕಾಲೇಜಿಗೇ ಪ್ರಾಧ್ಯಾಪಕರಾಗಿ ಮರಳಿ, 1978ರವರೆಗೆ ಸೂಕ್ಷ್ಮಜೀವಿಶಾಸ್ತ್ರ ಕಲಿಸಿದರು. 1999ರಲ್ಲಿ ವಿಶ್ವ ಆಹಾರ ಪ್ರಶಸ್ತಿ ಬಂತು.

ಭಾರತದಲ್ಲಿ ಈ ರೋಗ ಕೊನೆಯದಾಗಿ ಕಂಡದ್ದು 1995ರಲ್ಲಿ. ಜಗತ್ತಿನಲ್ಲೇ ಕೊನೆಯ ಬಾರಿ 2001ರಲ್ಲಿ, ಅವರು ದುಡಿದ ಕೀನ್ಯಾದ ಮೇರು ರಾಷ್ಟ್ರೀಯ ಉದ್ಯಾನದ ಕಾಡೆಮ್ಮೆಗಳಲ್ಲಿ. ದೊಡ್ಡರೋಗ ಭೂಮಿಯಿಂದಲೇ ಅಳಿಯಿತೆಂದು ವಿಶ್ವಸಂಸ್ಥೆಯ ಆಹಾರ ಸಂಸ್ಥೆ ಸಾರಿದ್ದು 2011ರ ಜೂನ್‌ನಲ್ಲಿ. ಪ್ಲೌರೈಟ್ ಅದನ್ನು ಕೇಳಲಿಲ್ಲ. 2010ರ ಫೆಬ್ರುವರಿಯಲ್ಲೇ ತೀರಿಕೊಂಡಿದ್ದರು.