ಹದಿಹರೆಯದ ಕಿವಿಗೆ ಕನ್ನಡದಲ್ಲಿ ಮಾತನಾಡಿದ ವೈದ್ಯೆ: ಡಾ. ಅನುಪಮಾ ನಿರಂಜನ

ಕನ್ನಡದ ಓದುಗರಿಗೆ ಡಾ. ಅನುಪಮಾ ನಿರಂಜನ ಅವರು ಕಾದಂಬರಿಗಾರ್ತಿಯಾಗಿ ಸುಪರಿಚಿತರು. ಮಕ್ಕಳಿಗೆ ಅವರು ವರ್ಷವಿಡೀ ಸಾಲುವಷ್ಟು ಕಥೆ ಹೇಳಿದ ಅಜ್ಜಿ. ಇವೆರಡರ ನಡುವೆ ಅವರು ಮಾಡಿದ ಇನ್ನೊಂದು ಕೆಲಸವಿದೆ. ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದ, ಶಾಲೆಯಲ್ಲಿ ಪಾಠ ಹಾರಿಸಿ ಮುಂದೆ ಹೋಗುತ್ತಿದ್ದ ವಿಷಯಗಳನ್ನು ಹದಿಹರೆಯದ ಹೆಣ್ಣುಮಕ್ಕಳಿಗೂ ಹೊಸದಾಗಿ ಮದುವೆಯಾದವರಿಗೂ ತಿಳಿಗನ್ನಡದಲ್ಲಿ ತಿಳಿಸಿಕೊಟ್ಟವರು ಅವರು. ಯುವಜನರ ಲೈಂಗಿಕ ಮತ್ತು ಮಾನಸಿಕ ಆರೋಗ್ಯಕ್ಕಾಗಿ ಸರ್ಕಾರಗಳು ಯೋಜನೆ ರೂಪಿಸುವುದಕ್ಕೆ ದಶಕಗಳಷ್ಟು ಮೊದಲೇ ನಡೆದ ಕೆಲಸವದು. ಈ ಕಾರಣಕ್ಕಾಗಿ ಅವರ ಬದುಕು ಇಂದಿಗೂ ನೆನೆಯತಕ್ಕದ್ದಾಗಿದೆ.

ತೀರ್ಥಹಳ್ಳಿಯಿಂದ ಮೈಸೂರಿಗೆ

ಅನುಪಮಾ ಜನಿಸಿದ್ದು 1934ರ ಮೇ 17ರಂದು, ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿಯಲ್ಲಿ. ಹುಟ್ಟುಹೆಸರು ವೆಂಕಟಲಕ್ಷ್ಮಿ. ಆ ಕಾಲದ ಮಲೆನಾಡಿನಲ್ಲಿ ಹುಡುಗಿಯೊಬ್ಬಳು ದೊಡ್ಡವಳಾದಳೆಂದರೆ ಓದಿಗೆ ಮಂಗಳ ಹಾಡಿ ವರಾನ್ವೇಷಣೆಗೆ ತೊಡಗುವ ಮನೆಗಳೇ ಹೆಚ್ಚು. 1929ರ ಶಾರದಾ ಕಾಯ್ದೆ ಹುಡುಗಿಯ ಮದುವೆಯ ವಯಸ್ಸನ್ನು 14ಕ್ಕೆ ನಿಗದಿಪಡಿಸಿತ್ತಾದರೂ ಅದರ ಪಾಲನೆ ಅಷ್ಟಕ್ಕಷ್ಟೆ. ಮುಟ್ಟಾದವಳು ಮೂರು ದಿನ ಹೊರಗೆ ಕೂರಬೇಕೆಂಬ ಕಟ್ಟಳೆ ಇತ್ತು. ಅದು ಏಕೆ ಆಗುತ್ತದೆಂಬ ವಿವರಣೆ ಇರಲಿಲ್ಲ.

ಹಾಗೆಂದು ಆ ನಾಡು ಈ ವಿಷಯದಲ್ಲಿ ಪೂರ್ತಿ ಕತ್ತಲಲ್ಲಿತ್ತೆನ್ನಲಾಗದು. 1930ರಲ್ಲೇ ಮೈಸೂರು ಸಂಸ್ಥಾನದ ಸರ್ಕಾರವು ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆದು ದೇಶದ ಗಮನ ಸೆಳೆದಿತ್ತು. ಅತ್ತ ಮುಂಬಯಿಯಲ್ಲಿ ರಘುನಾಥ ಧೋಂಡೊ ಕರ್ವೆ ಅವರು 1921ರಲ್ಲಿಯೇ ಇಂಥ ಕೇಂದ್ರವನ್ನು ಆರಂಭಿಸಿ, ಮರಾಠಿಯಲ್ಲಿ ಪತ್ರಿಕೆ ಹೊರಡಿಸಿ, ಕೋರ್ಟು ಕಟ್ಟೆಯೇರಿ, ದಂಡ ತೆತ್ತಿದ್ದರು. ವೈದ್ಯಶಾಸ್ತ್ರ ಮುಂದೆ ಸಾಗಿತ್ತು. ಅದನ್ನು ಮನೆಯ ಹಜಾರಕ್ಕೆ ತರಬಲ್ಲ ಮಾತು ಹುಟ್ಟಬೇಕಿತ್ತು.

ವೆಂಕಟಲಕ್ಷ್ಮಿ ಮೈಸೂರು ವೈದ್ಯಕೀಯ ಕಾಲೇಜು ಸೇರಿ ಎಂ.ಬಿ.ಬಿ.ಎಸ್. ಪದವಿ ಪಡೆದರು. ಬರವಣಿಗೆಯ ಗೀಳೂ ಬೆಳೆಯಿತು. ಬರಹಕ್ಕಾಗಿ ಇಟ್ಟುಕೊಂಡ ಅನುಪಮಾ ಎಂಬ ಹೆಸರೇ ಮುಂದೆ ನಿಂತಿತು.

ಘಟ್ಟದ ಕೆಳಗಿನ ಸಂಗಾತಿ

1956ರಲ್ಲಿ ಅವರು ಕೈಹಿಡಿದದ್ದು ಪ್ರಗತಿಶೀಲ ಸಾಹಿತಿ ನಿರಂಜನ ಅವರನ್ನು. ನಿರಂಜನರ ನಿಜನಾಮ ಕುಳ್ಕುಂದ ಶಿವರಾಯ. ಸಕಲೇಶಪುರದ ಗುಡ್ಡಗಳಿಂದ ಬಿಸಿಲೆ ಘಾಟಿ ಇಳಿದರೆ ಸುಬ್ರಹ್ಮಣ್ಯದ ಬಳಿ ಸಿಗುವ ಕುಳ್ಕುಂದವೇ ಅವರ ಹುಟ್ಟೂರು. ಕಯ್ಯೂರಿನ ರೈತ ಹೋರಾಟವನ್ನು ಚಿರಸ್ಮರಣೆ ಕಾದಂಬರಿಯಾಗಿಸಿದ ನಿರಂಜನರಿಗೆ ಲೇಖನಿಯೇ ಜೀವನೋಪಾಯವಾಗಿತ್ತು. ಜಾತಿಯ ಗಡಿ ದಾಟಿದ, ತಮ್ಮ ಆಯ್ಕೆಯ ಈ ವಿವಾಹವು ಆ ಕಾಲಕ್ಕೆ ಸಣ್ಣ ಸಂಗತಿಯೇನಲ್ಲ.

ದಂಪತಿ ಧಾರವಾಡದಲ್ಲಿ, ಬಳಿಕ ಬೆಂಗಳೂರಿನಲ್ಲಿ ನೆಲೆಸಿದರು. ಎರಡೂ ಊರುಗಳಲ್ಲಿ ಅನುಪಮಾ ವೈದ್ಯವೃತ್ತಿ ನಡೆಸಿದರು. ಇಬ್ಬರು ಹೆಣ್ಣುಮಕ್ಕಳ ತಾಯಿಯಾದರು. ಮುಂದೆ ತೇಜಸ್ವಿನಿ ನಿರಂಜನ ಸಂಸ್ಕೃತಿ ಅಧ್ಯಯನದಲ್ಲಿಯೂ ಸೀಮಂತಿನಿ ನಿರಂಜನ ಸಮಾಜಶಾಸ್ತ್ರದಲ್ಲಿಯೂ ಹೆಸರು ಮಾಡಿದರು. ನಿರಂಜನರು ಪಾರ್ಶ್ವವಾಯುವಿಗೆ ತುತ್ತಾದ ಮೇಲೆ ವೈದ್ಯೆಯ ಕೆಲಸ ಮನೆಯೊಳಗೂ ಹೊರಗೂ ಒಂದೇ ಆಯಿತು. ಅಂಥ ದಿನಗಳಲ್ಲಿಯೂ ಆ ಮನೆಯಲ್ಲಿ ಇಬ್ಬರ ಬರವಣಿಗೆಯೂ ನಿಲ್ಲಲಿಲ್ಲ.

ಕಾದಂಬರಿಯ ಹಿಂದಿನ ಪ್ರಶ್ನೆ

ಸಂಕೋಲೆಯೊಳಗಿಂದ, ಶ್ವೇತಾಂಬರಿ, ಹಿಮದ ಹೂ, ಸ್ನೇಹಪಲ್ಲವಿ, ಘೋಷ, ಋಣಮುಕ್ತಳು ಮೊದಲಾದ ಕಾದಂಬರಿಗಳು ಅನುಪಮಾ ಅವರಿಗೆ ದೊಡ್ಡ ಓದುಗ ಬಳಗವನ್ನು ದೊರಕಿಸಿಕೊಟ್ಟವು. ಋಣಮುಕ್ತಳು ಕಾದಂಬರಿಯನ್ನು ಪುಟ್ಟಣ್ಣ ಕಣಗಾಲ್ 1984ರಲ್ಲಿ ತೆರೆಗೆ ತಂದರು. ಇವುಗಳ ಪೈಕಿ ಮಾಧವಿ ಕಾದಂಬರಿಯನ್ನು ವಿಮರ್ಶಕರು ವಿಶೇಷವಾಗಿ ಪರಿಗಣಿಸುತ್ತಾರೆ. ಗುರುದಕ್ಷಿಣೆಯ ಕುದುರೆಗಳಿಗಾಗಿ ಗಾಲವನ ಕೈಗೆ ಒಪ್ಪಿಸಲ್ಪಟ್ಟು, ಒಬ್ಬ ರಾಜನಿಂದ ಇನ್ನೊಬ್ಬ ರಾಜನ ಬಳಿಗೆ ಸಾಗಿ ಮಕ್ಕಳನ್ನು ಹೆತ್ತುಕೊಡಬೇಕಾದ ಯಯಾತಿಯ ಮಗಳ ಕಥೆಯದು. ತನ್ನ ದೇಹದ ಮೇಲೆ ಹೆಣ್ಣಿಗೆ ಎಷ್ಟು ಹಕ್ಕಿದೆ ಎಂಬ ಪ್ರಶ್ನೆ ಪುರಾಣದ ಈ ಎಳೆಯಲ್ಲಿಯೇ ಅಡಗಿದೆ. ವೈದ್ಯೆಯ ಕೋಣೆಯಲ್ಲಿ ನಿತ್ಯ ಎದುರಾಗುವ ಪ್ರಶ್ನೆಯೂ ಅದೇ.

ಹೆಣ್ಣಿನ ಮನಸ್ಸಿನ ನೋವು ಆ ಹೊತ್ತಿಗೆ ಕನ್ನಡ ಕಾದಂಬರಿಗೆ ಹೊಸತಾಗಿರಲಿಲ್ಲ. ಬಾಣಂತನದ ಬಳಿಕದ ಮಾನಸಿಕ ಕಾಯಿಲೆಯನ್ನೂ ಗುಣಮುಖಳಾಗಿ ಬಂದವಳನ್ನು ಸಂಶಯದಿಂದಲೇ ಕಾಣುವ ಸಮಾಜವನ್ನೂ ತ್ರಿವೇಣಿ ಅವರು ಶರಪಂಜರದಲ್ಲಿ ಚಿತ್ರಿಸಿದ್ದರು. ಆ ಲೇಖಕಿ 1963ರಲ್ಲಿ ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡದ್ದು ಕನ್ನಡಕ್ಕೆ ತಟ್ಟಿದ ದೊಡ್ಡ ಆಘಾತ. ಇನ್ನೊಂದೆಡೆ, ಕೊರವಂಜಿಯ ರಾಶಿ ಎಂದೇ ಹೆಸರಾದ ವೈದ್ಯ ಡಾ. ಎಂ. ಶಿವರಾಂ ಅವರು ಮನೋರೋಗಗಳ ಕುರಿತು ಕನ್ನಡದಲ್ಲಿ ಬರೆದ ಮನಮಂಥನ ಕೃತಿಗೆ 1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ಅನುಪಮಾ ಅವರ ಆರೋಗ್ಯ ಸಾಹಿತ್ಯ ಬೆಳೆದದ್ದು ಇಂಥ ನೆಲದಲ್ಲಿ.

ಕಿಶೋರಿಗೆ ಹೇಳಿದ ಮಾತು

ಅವರ ಆರೋಗ್ಯ ಪುಸ್ತಕಗಳಲ್ಲಿ ಮೂರು ಮುಖ್ಯವಾದವು. ಬಸಿರು, ಹೆರಿಗೆ, ಶಿಶುಪಾಲನೆಗಳನ್ನು ಕುರಿತ ತಾಯಿ–ಮಗು; ಗಂಡಹೆಂಡಿರ ದೇಹ ಸಂಬಂಧವನ್ನು ವಿವರಿಸುವ ದಾಂಪತ್ಯ ದೀಪಿಕೆ; ಹದಿಹರೆಯಕ್ಕೆ ಕಾಲಿಡುವ ಹುಡುಗಿಗಾಗಿಯೇ ಬರೆದ ಕೇಳು ಕಿಶೋರಿ. ಇವು ಮರುಮುದ್ರಣಗಳನ್ನು ಕಾಣುತ್ತಲೇ ಹೋದವು.

ಕೇಳು ಕಿಶೋರಿ ಎಂಬ ಹೆಸರಿನಲ್ಲಿಯೇ ಅದರ ದನಿ ಗೊತ್ತಾಗುತ್ತದೆ. ಹತ್ತಿರ ಕೂರಿಸಿಕೊಂಡು ಮಾತನಾಡುವ ಚಿಕ್ಕಮ್ಮನ ದನಿಯದು. ಮೈಯಲ್ಲಾಗುವ ಬದಲಾವಣೆಗಳೇನು, ಮುಟ್ಟು ಏಕೆ ಬರುತ್ತದೆ, ಶುಚಿತ್ವ ಹೇಗಿರಬೇಕು, ಆಹಾರ ಯಾವುದು ಒಳ್ಳೆಯದು, ಮನಸ್ಸು ಏಕೆ ಹೊಯ್ದಾಡುತ್ತದೆ ಎಂಬುವನ್ನು ಹುಡುಗಿಗೆ ಹೇಳಬೇಕಾದವರು ಹೇಳದೆ ಹೋದಾಗ ಪುಸ್ತಕ ಆ ಜಾಗದಲ್ಲಿ ನಿಂತಿತು. ಮುಟ್ಟು ಮೈಲಿಗೆಯೆಂದು ಕೇಳಿ ಬೆಳೆದವಳಿಗೆ ಅದು ದೇಹದ ಸಹಜ ಕ್ರಿಯೆಯೆಂದು ವೈದ್ಯೆಯೇ ಬರೆದು ತಿಳಿಸಿದಾಗ ಸಿಗುವ ಧೈರ್ಯ ಸಾಮಾನ್ಯವಾದುದಲ್ಲ. ದೇಹದ ಬಗೆಗಿನ ಅಜ್ಞಾನವೇ ಎಷ್ಟೋ ಬಾರಿ ಭಯವಾಗಿ, ಭಯವೇ ಮಾನಸಿಕ ಖಿನ್ನತೆಯಾಗಿ ಬೆಳೆಯುತ್ತದೆ. ಲೈಂಗಿಕ ಆರೋಗ್ಯವನ್ನೂ ಮಾನಸಿಕ ಆರೋಗ್ಯವನ್ನೂ ಬೇರೆಬೇರೆ ಕಪಾಟಿನಲ್ಲಿಡಲು ಬಾರದೆಂಬುದು ಇಂದು ತಜ್ಞರೆಲ್ಲ ಒಪ್ಪುವ ಮಾತು.

ಈ ಪುಸ್ತಕಗಳಿಗೆ ಅವುಗಳ ಕಾಲದ ಮಿತಿಯೂ ಇದೆ. ಅವರ ಮಾತು ಮುಖ್ಯವಾಗಿ ಹೆಣ್ಣುಮಕ್ಕಳನ್ನು ಉದ್ದೇಶಿಸಿದ್ದು. ಸ್ವಪ್ನಸ್ಖಲನವನ್ನು ರೋಗವೆಂದು ನಂಬಿ ನಕಲಿ ವೈದ್ಯರ ಜಾಹೀರಾತಿಗೆ ಮರುಳಾಗುವ ಹುಡುಗರಿಗೂ ಇಂಥದೇ ಆಪ್ತ ಮಾತು ಬೇಕಿತ್ತು, ಇಂದಿಗೂ ಬೇಕಿದೆ.

ಅನುಪಮಾ ಅವರಿಗೆ ಸೋವಿಯತ್ ಲ್ಯಾಂಡ್ ನೆಹರೂ ಪ್ರಶಸ್ತಿ, ಕರ್ನಾಟಕ ಸಾಹಿತ್ಯ ಅಕಾಡೆಮಿ ಪ್ರಶಸ್ತಿಗಳು ಸಂದವು. 12 ಸಂಪುಟಗಳ ದಿನಕ್ಕೊಂದು ಕಥೆ ಮಾಲೆ ಮನೆಮನೆಯ ಮಕ್ಕಳನ್ನು ತಲಪಿತು. ಕ್ಯಾನ್ಸರ್ ಪೀಡಿತರಾಗಿದ್ದ ಅವರು 1991ರ ಫೆಬ್ರವರಿ 15ರಂದು ನಿಧನರಾದರು. ಆಗ ಅವರಿಗಿನ್ನೂ 56 ವರ್ಷ. ಮರುವರ್ಷ ನಿರಂಜನರೂ ಅಗಲಿದರು. ಅನುಪಮಾ ಹೆಸರಿನಲ್ಲಿ ಕರ್ನಾಟಕ ಲೇಖಕಿಯರ ಸಂಘವು ಪ್ರಶಸ್ತಿಯೊಂದನ್ನು ಸ್ಥಾಪಿಸಿತು.

ಪುಸ್ತಕದಿಂದ ಯೋಜನೆಗೆ

ಅವರ ನಿಧನಾನಂತರದ ದಾರಿ ಸುಗಮವಾಗಿರಲಿಲ್ಲ. ಶಾಲೆಗಳಲ್ಲಿ ಹದಿಹರೆಯದ ಶಿಕ್ಷಣ ನೀಡುವ ಕೇಂದ್ರದ ಕಾರ್ಯಕ್ರಮಕ್ಕೆ 2007ರಲ್ಲಿ ಹಲವು ರಾಜ್ಯಗಳು ತಡೆಯೊಡ್ಡಿದಾಗ ಕರ್ನಾಟಕವೂ ಅವುಗಳ ಸಾಲಿನಲ್ಲಿತ್ತು. ಪಠ್ಯದಲ್ಲಿನ ಚಿತ್ರಗಳೂ ಪದಗಳೂ ಸಂಸ್ಕೃತಿಗೆ ಒಗ್ಗುವುದಿಲ್ಲವೆಂಬುದು ಆಗಿನ ಆಕ್ಷೇಪ. ಅದೇ ಸಂಸ್ಕೃತಿಯೊಳಗಿನ ವೈದ್ಯೆಯೊಬ್ಬರು ಅದೇ ವಿಷಯವನ್ನು ಕನ್ನಡದಲ್ಲಿ ಹೇಳಿ ಓದುಗರ ಗೌರವ ಗಳಿಸಿದ್ದರೆಂಬುದು ಆ ಗದ್ದಲದಲ್ಲಿ ಬಹುಮಟ್ಟಿಗೆ ಮರೆಯಾಯಿತು.

2014ರ ಜನವರಿಯಲ್ಲಿ ಕೇಂದ್ರ ಸರ್ಕಾರವು 10ರಿಂದ 19ರ ವಯೋಮಾನದವರಿಗಾಗಿ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮವನ್ನು ಆರಂಭಿಸಿತು. ಪೌಷ್ಟಿಕತೆ, ಲೈಂಗಿಕ ಆರೋಗ್ಯ, ಮಾನಸಿಕ ಆರೋಗ್ಯ, ದುಶ್ಚಟ, ಹಿಂಸೆ ಮುಂತಾದವೆಲ್ಲ ಅದರ ವ್ಯಾಪ್ತಿಗೆ ಬಂದವು. ಊರಿನ ಹುಡುಗ ಹುಡುಗಿಯರಿಗೇ ತರಬೇತಿ ನೀಡಿ ಓರಗೆಯವರಿಗೆ ತಿಳಿವಳಿಕೆ ಕೊಡಿಸುವುದು ಅದರ ತಿರುಳು. ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದೇ ಆರಂಭವಾದ ಕೇಂದ್ರಗಳನ್ನು ಕರ್ನಾಟಕದಲ್ಲಿ ಸ್ನೇಹ ಕ್ಲಿನಿಕ್ ಎಂದು ಕರೆಯಲಾಯಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯು ನಿಮ್ಹಾನ್ಸ್ ನೆರವಿನಿಂದ ಯುವ ಸ್ಪಂದನ ಎಂಬ ಕಾರ್ಯಕ್ರಮವನ್ನು ಹಮ್ಮಿಕೊಂಡಿತು. ತರಬೇತಿ ಪಡೆದ ಯುವ ಪರಿವರ್ತಕರು ತಮ್ಮ ಜಿಲ್ಲೆಯ ಯುವಜನರ ಓದು, ಸಂಬಂಧ, ದೇಹ, ಮನಸ್ಸುಗಳ ತೊಡಕುಗಳಿಗೆ ಕಿವಿಗೊಡುವುದು ಅದರ ಬಗೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದಾಗಿದೆ.

ಗುಡ್ಡದೂರಿನ ಅಗತ್ಯ

ಯೋಜನೆಗಳಿದ್ದರೂ ಸಕಲೇಶಪುರ–ಆಲೂರು ಗುಡ್ಡಸಾಲಿನ ಊರುಗಳಲ್ಲಿ ಪ್ರಶ್ನೆ ಉಳಿದೇ ಇದೆ. ಹೆಗ್ಗದ್ದೆಯಂಥ ಊರಿನ ಹುಡುಗಿಯೊಬ್ಬಳು ತನ್ನ ಗುಟ್ಟಿನ ಚಿಂತೆಯನ್ನು ಹೊತ್ತು ಸಕಲೇಶಪುರದ ಕ್ರಾಫರ್ಡ್ ಆಸ್ಪತ್ರೆಗೆ ಹೋಗಬೇಕೆಂದರೆ ಬಸ್ಸಿಗೆ ಕಾಯಬೇಕು, ಏಕೆ ಹೋಗುತ್ತಿರುವೆನೆಂದು ಮನೆಗೆ ಹೇಳಬೇಕು, ಬಸ್ಸಿನಲ್ಲಿ ಕಂಡ ಪರಿಚಯದವರಿಗೂ ಉತ್ತರಿಸಬೇಕು. ಮಳೆಗಾಲದಲ್ಲಿ ದಾರಿಯ ಕಷ್ಟ ಬೇರೆ. ಕಾಫಿ ಹಣ್ಣು ಕೊಯ್ಯುವ ತಿಂಗಳುಗಳಲ್ಲಿ ತೋಟದ ಲೈನ್ ಮನೆಗಳ ತಾಯಂದಿರಿಗೆ ಮಕ್ಕಳ ಜೊತೆ ಕೂತು ಮಾತನಾಡಲು ಬಿಡುವಾದರೂ ಎಲ್ಲಿ? ಎಲ್ಲರಿಗೂ ಎಲ್ಲರ ಗುರುತಿರುವ ಊರಿನಲ್ಲಿ ಗುಟ್ಟು ಉಳಿಯುತ್ತದೆಂಬ ಭರವಸೆಯೇ ಔಷಧಿಗಿಂತ ಮೊದಲು ಬೇಕಾದದ್ದು.

ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಾಗಿ ಕರ್ನಾಟಕದಲ್ಲಿ 2019ರಲ್ಲಿ ಮಾಹಿತಿ ಸಂಗ್ರಹಿಸಿದಾಗ, 20ರಿಂದ 24 ವಯಸ್ಸಿನ ಮಹಿಳೆಯರ ಪೈಕಿ ಶೇಕಡ 21ರಷ್ಟು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತೆಂದು ತಿಳಿದುಬಂದಿತು. ಹುಡುಗಿಯ ಮದುವೆಯ ವಯಸ್ಸನ್ನು ಕಾನೂನು 18ಕ್ಕೆ ಏರಿಸಿದ್ದು 1978ರಲ್ಲಿ. ನಾಲ್ಕು ದಶಕ ಕಳೆದರೂ ಐವರಲ್ಲಿ ಒಬ್ಬಳಿಗೆ ಆ ಕಾನೂನು ತಲಪಿರಲಿಲ್ಲ.

ಇಂಥ ಕಡೆ ಆಶಾ ಕಾರ್ಯಕರ್ತೆ, ಅಂಗನವಾಡಿ ಶಿಕ್ಷಕಿ, ಪ್ರೌಢಶಾಲೆಯ ಮೇಷ್ಟ್ರು, ಯುವ ಪರಿವರ್ತಕ, ಯಾರೇ ಮಾರ್ಗದರ್ಶಿಯಾದರೂ ಅವರಲ್ಲಿ ಇರಬೇಕಾದ ಗುಣಗಳು ಅನುಪಮಾ ಅವರ ಕೆಲಸದಲ್ಲಿ ಕಾಣುತ್ತವೆ. ವಿಷಯದ ಖಚಿತ ಜ್ಞಾನ ಮೊದಲನೆಯದು. ಕೇಳುವವರ ಭಾಷೆಯಲ್ಲಿಯೇ, ಅವರನ್ನು ಕೀಳಾಗಿ ಕಾಣದೆ ಹೇಳುವ ಸಂಯಮ ಎರಡನೆಯದು. ತಮ್ಮಿಂದಾಗದ ಸಂದರ್ಭದಲ್ಲಿ ವೈದ್ಯರ ಬಳಿಗೆ ಕಳುಹಿಸುವ ವಿವೇಕ ಮೂರನೆಯದು. ಮೊದಲನೆಯದನ್ನು ತರಬೇತಿ ಶಿಬಿರದಲ್ಲಿ ಕಲಿಸಬಹುದು. ಉಳಿದೆರಡಕ್ಕೆ ಮನಸ್ಸು ಪಳಗಬೇಕು.

ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳಲ್ಲಿ, ಪ್ರೌಢಶಾಲೆಗಳ ಕಪಾಟುಗಳಲ್ಲಿ ಕೇಳು ಕಿಶೋರಿಯ ಒಂದೊಂದು ಪ್ರತಿ ಇರಿಸುವುದು ಹೆಚ್ಚು ಖರ್ಚಿನ ಬಾಬತ್ತೇನಲ್ಲ. ಪುಸ್ತಕದ ಪಕ್ಕದಲ್ಲಿ, ಅದನ್ನು ಓದಿದವಳು ನಂಬಿ ಮಾತನಾಡಬಹುದಾದ ಒಬ್ಬ ಹಿರಿಯಳೂ ಆ ಊರಿನಲ್ಲಿ ಇದ್ದರೆ, ತೀರ್ಥಹಳ್ಳಿಯ ಆ ವೈದ್ಯೆ ತೊಡಗಿದ ಕೆಲಸ ಮುಂದುವರಿದಂತಾಗುತ್ತದೆ.